ಒಂದು ಬನ್ಸ್ ಕರಗಲು ಎಷ್ಟು ದೂರ ನಡೆಯಬೇಕು?

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ನಡೆಯುವ ಹಲವರ ಮಣಿಕಟ್ಟಿನಲ್ಲಿ ಈಗ ಸ್ಮಾರ್ಟ್‌ವಾಚ್ ಇದೆ. ನಡಿಗೆ ಮುಗಿಯುತ್ತಲೇ ಇಷ್ಟು ಕ್ಯಾಲರಿ ಖರ್ಚಾಯಿತೆಂದು ಅದು ತೋರಿಸುತ್ತದೆ. ಬಿಸ್ಕತ್ತಿನ ಪೊಟ್ಟಣದ ಹಿಂಬದಿಯಲ್ಲೂ ಕ್ಯಾಲರಿಯ ಅಂಕಿ ಇದೆ. ಹತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲೇ ಕ್ಯಾಲರಿ ನಮೂದಿಸಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಾವಳಿ ಹೇಳುತ್ತದೆ. ತಿಂದ ಅಂಕಿಯಿಂದ ನಡೆದ ಅಂಕಿಯನ್ನು ಕಳೆದರೆ ಲೆಕ್ಕ ಮುಗಿಯಿತು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಈ ಎರಡು ಅಂಕಿಗಳು ಒಂದೇ ರೀತಿಯಲ್ಲಿ ಅಳೆದವಲ್ಲ, ಒಂದರಿಂದ ಇನ್ನೊಂದನ್ನು ನೇರವಾಗಿ ಕಳೆಯಲು ಬರುವುದಿಲ್ಲ. ಏಕೆ ಎಂಬುದನ್ನು ಬುಡದಿಂದ ನೋಡೋಣ.

ಕ್ಯಾಲರಿ ಅಂದರೆ ಯಾವುದರ ಅಳತೆ?

ಒಂದು ಕಿಲೋ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಕ್ತಿ ಒಂದು ಕಿಲೋಕ್ಯಾಲರಿ. ಆಹಾರದ ಮಾತು ಬಂದಾಗ ‘ಕಿಲೋ’ ಬಿಟ್ಟು ಬರೀ ಕ್ಯಾಲರಿ ಎನ್ನುವ ರೂಢಿಯಿದೆ. ಈ ಲೇಖನದಲ್ಲೂ ಹಾಗೆಯೇ. ಹೊರದೇಶದ ಕೆಲವು ಪೊಟ್ಟಣಗಳಲ್ಲಿ ಕಿಲೋಜೂಲ್ ಲೆಕ್ಕ ಇರುತ್ತದೆ. ಅದನ್ನು 4.18ರಿಂದ ಭಾಗಿಸಿದರೆ ಕ್ಯಾಲರಿ ಸಿಗುತ್ತದೆ.

ಹಿಟ್ಟು, ಸಕ್ಕರೆಯಂಥ ಶರ್ಕರಪಿಷ್ಟಕ್ಕೆ (ಕಾರ್ಬೋಹೈಡ್ರೇಟ್) ಗ್ರಾಮಿಗೆ 4, ಪ್ರೋಟೀನಿಗೆ 4, ಎಣ್ಣೆ-ತುಪ್ಪದ ಕೊಬ್ಬಿಗೆ 9, ಮದ್ಯಸಾರಕ್ಕೆ 7 ಕ್ಯಾಲರಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಆಟ್‌ವಾಟರ್ ನಡೆಸಿದ ಪ್ರಯೋಗಗಳಿಂದ ಬಂದ ಈ ಸರಾಸರಿಗಳ ಮೇಲೆಯೇ ಇಂದಿನ ಪೊಟ್ಟಣಗಳ ಅಂಕಿಯೂ ನಿಂತಿದೆ. ಸರಾಸರಿ ಎಂಬುದನ್ನು ಮರೆಯಬಾರದು. ಗೇರುಬೀಜವನ್ನೇ ತೆಗೆದುಕೊಳ್ಳಿ: ಅಗಿದ ಮೇಲೂ ಅದರ ಕೊಬ್ಬಿನ ಸ್ವಲ್ಪ ಭಾಗ ಜೀವಕೋಶಗಳ ಗೋಡೆಯೊಳಗೇ ಉಳಿದು, ಜೀರ್ಣವಾಗದೆ ಹೊರಹೋಗುತ್ತದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗೇರುಬೀಜದಿಂದ ದೇಹಕ್ಕೆ ನಿಜವಾಗಿ ಸಿಕ್ಕ ಶಕ್ತಿ ಸೂತ್ರ ಹೇಳುವುದಕ್ಕಿಂತ ಸುಮಾರು ಶೇ 16 ಕಡಿಮೆಯಿತ್ತು.

ಬನ್ಸ್ ಒಳಗಿನ ಲೆಕ್ಕ

ಮನೆಯ ತಿಂಡಿಗೆ ಪೊಟ್ಟಣ ಇಲ್ಲ, ಹಾಗಾಗಿ ಸಾಮಾನು ಬಿಡಿಸಿ ಲೆಕ್ಕ ಹಾಕಬೇಕು. ಕರಾವಳಿಯ ಬನ್ಸ್ ಅಂದರೆ ಮೈದಾಕ್ಕೆ ಬಾಳೆಹಣ್ಣು ಕಲಸಿ, ಪೂರಿಯಂತೆ ಎಣ್ಣೆಯಲ್ಲಿ ಕರಿದ ತಿಂಡಿ. ಮಧ್ಯಮ ಗಾತ್ರದ ಒಂದಕ್ಕೆ ಮೈದಾ 40 ಗ್ರಾಂ ಎಂದುಕೊಳ್ಳಿ, ಅದು 140 ಕ್ಯಾಲರಿ. ಕಳಿತ ಬಾಳೆಹಣ್ಣು 25 ಗ್ರಾಂ, ಸುಮಾರು 25. ಸಕ್ಕರೆ 6 ಗ್ರಾಂ, 24. ಕರಿಯುವಾಗ ಹೀರಿದ ಎಣ್ಣೆ 8 ಗ್ರಾಂ, 72. ಒಟ್ಟು 260ರ ಆಸುಪಾಸು. ಕಾಲು ಭಾಗಕ್ಕಿಂತ ಹೆಚ್ಚು ಬಂದದ್ದು ಎಣ್ಣೆಯಿಂದ. ತಿನ್ನುವಾಗ ಕಣ್ಣಿಗೆ ಬೀಳದೇ ಇರುವುದೂ ಅದೇ.

ಅಂದಾಜು ಹೆಚ್ಚಾಗಿ ತಪ್ಪುವುದು ಈ ಎಣ್ಣೆಯಲ್ಲಿ. ಎಣ್ಣೆ ಸರಿಯಾಗಿ ಕಾಯದೆ ಬನ್ಸ್ ಬಿಟ್ಟರೆ ಹೊರಪದರ ಬೇಗ ಗಟ್ಟಿಯಾಗುವುದಿಲ್ಲ, ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ಎಣ್ಣೆ ಒಳಗಿಳಿಯುತ್ತದೆ. 8 ಗ್ರಾಂ ಬದಲು 12 ಗ್ರಾಂ ಹೀರಿದರೆ ಅದೇ ಬನ್ಸ್‌ಗೆ 36 ಕ್ಯಾಲರಿ ಹೆಚ್ಚು. ಅಳೆಯುವುದು ಕಷ್ಟವಲ್ಲ. ಕರಿಯುವ ಮೊದಲು ಬಾಣಲೆಯನ್ನು ಎಣ್ಣೆ ಸಮೇತ ತೂಗಿ, ಮುಗಿದು ತಣಿದ ಮೇಲೆ ಮತ್ತೆ ತೂಗಿ. ಇಪ್ಪತ್ತು ಬನ್ಸ್ ಕರಿದಾಗ 160 ಗ್ರಾಂ ಇಳಿದಿದ್ದರೆ ಒಂದಕ್ಕೆ 8 ಗ್ರಾಂ. ನಡುವೆ ಎಣ್ಣೆ ಸುರಿದಿದ್ದರೆ ಅದನ್ನೂ ಕೂಡಿಸಿಕೊಳ್ಳಿ.

ಅನ್ನಕ್ಕೆ ಹಸಿ ಅಕ್ಕಿಯನ್ನು ತೂಗುವುದೇ ಸರಿಯಾದ ಕ್ರಮ. ನೂರು ಗ್ರಾಂ ಅಕ್ಕಿ ಸುಮಾರು 350 ಕ್ಯಾಲರಿ. ಬೆಂದ ಮೇಲೆ ನೀರು ಹೀರಿ ತೂಕ ಎರಡೂವರೆ-ಮೂರು ಪಟ್ಟಾಗುತ್ತದೆ, ಕ್ಯಾಲರಿ ಹೆಚ್ಚುವುದಿಲ್ಲ. ಗಂಜಿಗೂ ಇದೇ ಮಾತು: ತಟ್ಟೆ ತುಂಬ ಕಂಡರೂ ಅದರಲ್ಲಿ ಹೆಚ್ಚಿನದು ನೀರು.

ಕರಾವಳಿಯ ಅಡುಗೆಯಲ್ಲಿ ಲೆಕ್ಕಕ್ಕೆ ಸಿಗದೆ ಹೋಗುವ ಇನ್ನೊಂದು ವಸ್ತು ಕಾಯಿ. ಹಸಿ ಕಾಯಿತುರಿ ನೂರು ಗ್ರಾಮಿಗೆ ಸುಮಾರು 350 ಕ್ಯಾಲರಿ, ಅಂದರೆ ಒಣ ಅಕ್ಕಿಯಷ್ಟೇ. ಬನ್ಸ್ ಜೊತೆಗಿನ ಚಟ್ನಿಗೆ 20 ಗ್ರಾಂ ತುರಿ ಬಿದ್ದರೆ 70 ಕ್ಯಾಲರಿ ಸೇರಿತು. ಕಾಯಿ ಬಿಡಬೇಕೆಂದಲ್ಲ, ಲೆಕ್ಕ ಹಾಕುವಾಗ ಅದನ್ನು ಕೈಬಿಡಬಾರದು ಅಷ್ಟೆ.

ಸುಮ್ಮನೆ ಕೂತರೂ ಆಗುವ ಖರ್ಚು

ಶಿರಸಿ, ಸಿದ್ದಾಪುರದ ಕಡೆಯ ತೋಟದ ಮನೆಗಳ ಬಚ್ಚಲೊಲೆಯನ್ನು ನೆನೆಸಿಕೊಳ್ಳಿ. ಮೀಯುವವರು ಇಲ್ಲದ ಹೊತ್ತಿನಲ್ಲೂ ಹಂಡೆಯ ಬುಡದಲ್ಲಿ ಕುಂಟೆಯೊಂದು ಸಣ್ಣಗೆ ಉರಿಯುತ್ತಲೇ ಇರುತ್ತದೆ, ದಿನದ ಕೊನೆಗೆ ಹೆಚ್ಚಿನ ಕಟ್ಟಿಗೆ ಹೋದದ್ದು ಆ ಸಣ್ಣ ಉರಿಗೇ. ದೇಹದ ಖರ್ಚೂ ಹೀಗೆಯೇ. ಹೃದಯ, ಮಿದುಳು, ಯಕೃತ್ತು, ಮೂತ್ರಪಿಂಡಗಳು ನಿದ್ದೆಯಲ್ಲೂ ಕೆಲಸ ಮಾಡುತ್ತವೆ. ಈ ಮೂಲ ಖರ್ಚೇ ದಿನದ ಒಟ್ಟು ಖರ್ಚಿನಲ್ಲಿ ಸಾಮಾನ್ಯವಾಗಿ ಶೇ 60ರಿಂದ 70. ತಿಂದದ್ದನ್ನು ಜೀರ್ಣಿಸಲು ಸುಮಾರು ಶೇ 10. ಉಳಿದದ್ದಷ್ಟೇ ನಡಿಗೆ, ಮನೆಗೆಲಸ, ತೋಟದ ಕೆಲಸ, ವ್ಯಾಯಾಮ ಎಲ್ಲಕ್ಕೂ ಸೇರಿ.

ಮೂಲ ಖರ್ಚಿನ ಅಂದಾಜಿಗೆ 1990ರ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ ಹೆಚ್ಚು ಬಳಕೆಯಲ್ಲಿದೆ. ಕಿಲೋದಲ್ಲಿರುವ ತೂಕವನ್ನು 10ರಿಂದ ಗುಣಿಸಿ. ಸೆಂಟಿಮೀಟರಿನಲ್ಲಿರುವ ಎತ್ತರವನ್ನು 6.25ರಿಂದ ಗುಣಿಸಿ ಅದಕ್ಕೆ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಕೊನೆಗೆ ಗಂಡಸರಾದರೆ 5 ಕೂಡಿಸಿ, ಹೆಂಗಸರಾದರೆ 161 ಕಳೆಯಿರಿ. 45 ವರ್ಷದ, 155 ಸೆಂ.ಮೀ. ಎತ್ತರದ, 60 ಕಿಲೋ ತೂಕದ ಮಹಿಳೆಗೆ ಇದು ದಿನಕ್ಕೆ ಸುಮಾರು 1,180 ಕ್ಯಾಲರಿ. ಮಂಚ ಬಿಟ್ಟು ಏಳದಿದ್ದರೂ ಅಷ್ಟು ಖರ್ಚಾಗುತ್ತದೆ.

ನಡಿಗೆಯ ಖರ್ಚು ಹಾಕುವುದು ಹೇಗೆ

ಕೆಲಸದ ಬಿರುಸನ್ನು ಅಳೆಯಲು ‘ಮೆಟ್’ ಎಂಬ ಮಾನ ಇದೆ. ಸುಮ್ಮನೆ ಕೂತಿರುವುದು 1 ಮೆಟ್. ಅದರ ಮೂರೂವರೆ ಪಟ್ಟು ಶಕ್ತಿ ಬೇಡುವ ಕೆಲಸ 3.5 ಮೆಟ್. ಒಂದು ಮೆಟ್ ಅಂದರೆ ಗಂಟೆಗೆ, ದೇಹತೂಕದ ಕಿಲೋ ಒಂದಕ್ಕೆ ಸುಮಾರು ಒಂದು ಕ್ಯಾಲರಿ. ಮೆಟ್, ತೂಕ, ಗಂಟೆ ಮೂರನ್ನೂ ಗುಣಿಸಿದರೆ ಖರ್ಚು ಬಂತು.

ಗಂಟೆಗೆ ಐದು ಕಿ.ಮೀ. ವೇಗದ ಸಮತಟ್ಟಾದ ನಡಿಗೆ ಸುಮಾರು 3.5 ಮೆಟ್. ಅರವತ್ತು ಕಿಲೋ ತೂಕದವರಿಗೆ ಗಂಟೆಗೆ 210 ಕ್ಯಾಲರಿ. ಮೊಬೈಲು, ವಾಚು ಹೆಚ್ಚಾಗಿ ತೋರಿಸುವ ‘ಒಟ್ಟು’ ಅಂಕಿ ಈ ರೀತಿಯದು. ಆದರೆ ಆ ಒಂದು ಗಂಟೆ ಮನೆಯಲ್ಲಿ ಕೂತಿದ್ದರೂ 60 ಖರ್ಚಾಗುತ್ತಿತ್ತು. ನಡಿಗೆಯಿಂದಲೇ ಹೆಚ್ಚುವರಿಯಾಗಿ ಆದದ್ದು 150 ಮಾತ್ರ. ತಿಂಡಿಯ ಎದುರು ಇಡಬೇಕಾದದ್ದು ಈ ಎರಡನೇ ಅಂಕಿ. ಹಾಗಾಗಿ ಸೂತ್ರದಲ್ಲಿ ಮೆಟ್‌ನಿಂದ ಒಂದನ್ನು ಕಳೆದು ಗುಣಿಸಿ. ಈ ಒಂದು ಹೆಜ್ಜೆ ಬಿಟ್ಟರೆ ಲೆಕ್ಕ ಶೇ 40ರಷ್ಟು ಉಬ್ಬುತ್ತದೆ.

ಮೇಲಿನ 1,180ನ್ನು ಈ ಸೂತ್ರದ ಜೊತೆ ಹೋಲಿಸಿದರೆ ಒಂದು ವ್ಯತ್ಯಾಸ ಕಾಣುತ್ತದೆ: ಗಂಟೆಗೆ 60ರಂತೆ 24 ಗಂಟೆಗೆ 1,440 ಆಗಬೇಕಿತ್ತು. ಮೆಟ್ ಎಲ್ಲರಿಗೂ ಒಂದೇ ಅಳತೆಗೋಲು. ವಯಸ್ಸಾದವರು, ಹೆಂಗಸರು, ತೂಕ ಹೆಚ್ಚಿರುವವರ ನಿಜವಾದ ಖರ್ಚು ಅದಕ್ಕಿಂತ ಕಡಿಮೆಯೇ ಇರುತ್ತದೆ. ಆದ್ದರಿಂದ ಮುಂದಿನ ಅಂಕಿಗಳನ್ನು ಅಂದಾಜಾಗಿ, ಸ್ವಲ್ಪ ಉದಾರವಾದ ಅಂದಾಜಾಗಿ ನೋಡಬೇಕು.

60 ಕಿಲೋ ತೂಕದವರು ಗಂಟೆಗೆ 5 ಕಿ.ಮೀ.ಯಂತೆ ನಡೆದರೆ:

- ಎರಡು ಚಮಚ ಸಕ್ಕರೆ ಹಾಕಿದ ಹಾಲಿನ ಚಾ (ಸುಮಾರು 75 ಕ್ಯಾಲರಿ): 30 ನಿಮಿಷ
- 300 ಮಿ.ಲೀ. ಎಳನೀರು (57): 23 ನಿಮಿಷ
- ಹತ್ತು ಗೇರುಬೀಜ, ಎಣ್ಣೆ ಹಾಕದೆ ಹುರಿದದ್ದು (85): 34 ನಿಮಿಷ
- 20 ಗ್ರಾಂ ಸಕ್ಕರೆ ಬಿದ್ದ ಮುರುಗಲ ಪಾನಕ (80): 32 ನಿಮಿಷ
- ಒಂದು ಬನ್ಸ್ (260): 1 ಗಂಟೆ 44 ನಿಮಿಷ
- 200 ಗ್ರಾಂ ಅನ್ನ (260): ಅಷ್ಟೇ ಹೊತ್ತು
- ಒಂದು ಹೋಳಿಗೆ (300): 2 ಗಂಟೆ
- ಅದರ ಮೇಲೆ ಚಿಕ್ಕ ಚಮಚ ತುಪ್ಪ (45): ಇನ್ನೂ 18 ನಿಮಿಷ

ಬನ್ಸ್ ಒಂದಕ್ಕೆ ಎಂಟೂವರೆ ಕಿ.ಮೀ.ಗಿಂತ ಹೆಚ್ಚಾಯಿತು. ಎರಡು ಬನ್ಸ್, ಒಂದು ಚಾ ಆದರೆ ಸುಮಾರು ನಾಲ್ಕು ಗಂಟೆಯ ನಡಿಗೆ. ಅರ್ಧ ಗಂಟೆ ನಡೆದು ಬಂದವರು ಗಳಿಸಿದ್ದು ಒಂದು ಚಾದಷ್ಟು.

ತೂಕ ಬೇರೆಯಾದರೆ ಅದೇ ಪ್ರಮಾಣದಲ್ಲಿ ಸಮಯವೂ ಬದಲಾಗುತ್ತದೆ. 50 ಕಿಲೋ ಇರುವವರಿಗೆ ಬನ್ಸ್ ಕರಗಲು ಎರಡು ಗಂಟೆಗೂ ಹೆಚ್ಚು ಬೇಕು, 75 ಕಿಲೋ ಇರುವವರಿಗೆ ಒಂದು ಗಂಟೆ 23 ನಿಮಿಷ ಸಾಕು. ಹೆಚ್ಚು ಭಾರ ಹೊತ್ತು ನಡೆಯುವ ದೇಹಕ್ಕೆ ಹೆಚ್ಚು ಶಕ್ತಿ ಬೇಕು.

ಬೇರೆ ಕೆಲಸಗಳಲ್ಲಿ ಗಂಟೆಗಾಗುವ ಹೆಚ್ಚುವರಿ ಖರ್ಚು, ಅದೇ 60 ಕಿಲೋ ತೂಕಕ್ಕೆ: ಸಾಧಾರಣ ಯೋಗಾಸನ ಸುಮಾರು 90, ಕಸ ಗುಡಿಸುವುದು 140, ಗಂಟೆಗೆ 6.4 ಕಿ.ಮೀ.ಯ ಬಿರುಸು ನಡಿಗೆ 240, ನಿಧಾನ ಈಜು 300, ಗಂಟೆಗೆ 16ರಿಂದ 19 ಕಿ.ಮೀ. ವೇಗದ ಸೈಕಲ್ ಸವಾರಿ 350, ಗಂಟೆಗೆ 8 ಕಿ.ಮೀ. ಓಟ 440.

ಮರಳಿನ ಮೇಲೆ, ಘಟ್ಟದ ದಾರಿಯಲ್ಲಿ

ಉತ್ತರ ಕನ್ನಡದ ನೆಲ ಎಲ್ಲ ಕಡೆಯೂ ಸಮತಟ್ಟಲ್ಲ. ಹಾಗಾಗಿ ರಸ್ತೆಯ ಲೆಕ್ಕವೊಂದೇ ಸಾಲದು.

ಒಣ, ಸಡಿಲ ಮರಳಿನಲ್ಲಿ ಹೆಜ್ಜೆ ಹೂತುಹೋಗುತ್ತದೆ. ಮರಳನ್ನು ಅತ್ತಿತ್ತ ಸರಿಸಲು ಶಕ್ತಿ ಹೋಗುತ್ತದೆ, ಗಟ್ಟಿ ನೆಲ ಕೊಡುವ ಆಸರೆ ಕಾಲಿಗೆ ಸಿಗುವುದಿಲ್ಲ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಪ್ರಕಾರ ಅದೇ ವೇಗದಲ್ಲಿ ಮರಳಿನ ಮೇಲೆ ನಡೆಯಲು ಗಟ್ಟಿ ನೆಲಕ್ಕಿಂತ 2.1ರಿಂದ 2.7 ಪಟ್ಟು, ಓಡಲು 1.6 ಪಟ್ಟು ಶಕ್ತಿ ಬೇಕು. ‘ಅದೇ ವೇಗದಲ್ಲಿ’ ಎಂಬುದನ್ನು ಗಮನಿಸಿ. ಸಡಿಲ ಮರಳಿಗೆ ಬಂದ ಕೂಡಲೇ ನಮ್ಮ ವೇಗ ಇಳಿಯುತ್ತದೆ, ಲಾಭದ ಒಂದು ಪಾಲು ಅಲ್ಲೇ ಹೋಗುತ್ತದೆ. ಅಲೆ ಬಂದು ಹೋಗುವ ಅಂಚಿನ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಅಲ್ಲಿಯ ಖರ್ಚು ರಸ್ತೆಗೆ ಹತ್ತಿರ. ಮೊಣಕಾಲು, ಹಿಮ್ಮಡಿ ನೋವಿರುವವರು ಸಡಿಲ ಮರಳಿನಲ್ಲಿ ಒಮ್ಮೆಲೇ ದೂರ ಹೋಗಬಾರದು. ಮೊದಲ ವಾರ ಐದು-ಹತ್ತು ನಿಮಿಷ ಸಾಕು. ಕಡಲತೀರ ಇಳಿಜಾರಾಗಿರುವುದರಿಂದ ಹೋದಷ್ಟೇ ದೂರ ಅದೇ ಅಂಚಿನಲ್ಲಿ ಮರಳಿ ಬಂದರೆ ಎರಡೂ ಕಾಲಿಗೆ ಸಮನಾಗಿ ಭಾರ ಬೀಳುತ್ತದೆ.

ಏರುದಾರಿಯ ಲೆಕ್ಕಕ್ಕೆ ಭೌತಶಾಸ್ತ್ರ ನೇರವಾಗಿ ಒದಗುತ್ತದೆ. 60 ಕಿಲೋ ದೇಹವನ್ನು ನೂರು ಮೀಟರ್ ಎತ್ತರಕ್ಕೆ ಒಯ್ಯುವ ಕೆಲಸ ಸುಮಾರು 14 ಕ್ಯಾಲರಿ. ನಮ್ಮ ಸ್ನಾಯುಗಳು ಖರ್ಚು ಮಾಡಿದ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಕೆಲಸವಾಗಿಸಿ ಉಳಿದದ್ದನ್ನು ಶಾಖವಾಗಿ ಬಿಡುತ್ತವೆ. ಹಾಗಾಗಿ ನೂರು ಮೀಟರ್ ಏರಲು ನಿಜವಾಗಿ ತಗಲುವುದು ಸುಮಾರು 56 ಕ್ಯಾಲರಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ನಡೆದೇ ಹೋದವರಿಗೆ ಆ ಎತ್ತರಕ್ಕಾಗಿ ಮಾತ್ರ ಆಗುವ ಖರ್ಚು 330 ಕ್ಯಾಲರಿ: ತುಪ್ಪ ಹಾಕಿದ ಒಂದು ಹೋಳಿಗೆಗಿಂತ ತುಸು ಕಡಿಮೆ. ನಡೆದ ದೂರದ ಖರ್ಚು ಬೇರೆ, ಕಿ.ಮೀ.ಗೆ ಸುಮಾರು 30ರಂತೆ.

ಮನೆಯ ಮೆಟ್ಟಿಲಿಗೂ ಇದೇ ಲೆಕ್ಕ ಸಲ್ಲುತ್ತದೆ. ಮೂರು ಮೀಟರಿನ ಒಂದು ಮಹಡಿ ಏರಿದರೆ 1.7 ಕ್ಯಾಲರಿ. ಮೆಟ್ಟಿಲು ಹತ್ತುವುದು ಹೃದಯಕ್ಕೂ ತೊಡೆಯ ಸ್ನಾಯುವಿಗೂ ಬಹಳ ಒಳ್ಳೆಯದು, ಆದರೆ ಅದರಿಂದ ಬನ್ಸ್ ಕರಗಿಸಬೇಕೆಂದರೆ ನೂರೈವತ್ತು ಮಹಡಿ ಬೇಕು.

ಬೆವರು ಮತ್ತು ವಾಚು

ಕರಾವಳಿಯಲ್ಲಿ ಹತ್ತು ನಿಮಿಷ ನಡೆದರೂ ಅಂಗಿ ತೊಯ್ಯುತ್ತದೆ. ಅದು ಕೊಬ್ಬು ಕರಗಿದ ಗುರುತಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಬೆವರು ಆರುವುದಿಲ್ಲ, ಆರದಿದ್ದರೆ ಮೈ ತಣಿಯುವುದಿಲ್ಲ, ತಣಿಯದಿದ್ದರೆ ದೇಹ ಇನ್ನಷ್ಟು ಬೆವರುತ್ತದೆ. ನಡೆದು ಬಂದು ತೂಕ ನೋಡಿದಾಗ ಕಾಣುವ ಅರ್ಧ-ಮುಕ್ಕಾಲು ಕಿಲೋ ಇಳಿಕೆ ನೀರಿನದು, ನೀರು ಕುಡಿದಾಗ ಮರಳಿ ಬರುತ್ತದೆ, ಬರಲೇಬೇಕು. ಬೆವರು ಹೆಚ್ಚಲೆಂದು ದಪ್ಪ ಜಾಕೆಟ್ ಹಾಕಿ ಓಡುವುದು ನಮ್ಮ ಹವೆಯಲ್ಲಿ ಅಪಾಯಕರ. ದೇಹದ ಶಾಖ ಹೊರಹೋಗದೆ ತಲೆಸುತ್ತು, ವಾಂತಿ, ಎಚ್ಚರ ತಪ್ಪುವವರೆಗೆ ಹೋಗಬಹುದು.

ವಾಚು ನಾಡಿಬಡಿತವನ್ನು ಚೆನ್ನಾಗಿಯೇ ಅಳೆಯುತ್ತದೆ, ಕ್ಯಾಲರಿಯನ್ನು ಅಳೆಯುವುದಿಲ್ಲ, ಊಹಿಸುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಏಳು ಬಗೆಯ ಕೈಪಟ್ಟಿಗಳನ್ನು ಪರೀಕ್ಷಿಸಿದಾಗ ಕ್ಯಾಲರಿ ಅಂಕಿಯಲ್ಲಿ ಅತ್ಯುತ್ತಮ ಪಟ್ಟಿಯೂ ಸರಾಸರಿ ಶೇ 27ರಷ್ಟು ತಪ್ಪಿತ್ತು. ಅತಿ ಕಳಪೆಯದು ಶೇ 93. ಸೆಕೆಗೇ ನಾಡಿಬಡಿತ ಏರುವುದರಿಂದ, ಅದನ್ನು ನೆಚ್ಚಿದ ಊಹೆಯೂ ನಮ್ಮ ಬೇಸಿಗೆಯಲ್ಲಿ ಮೇಲಕ್ಕೆ ಜಾರಬಲ್ಲದು. ವಾಚಿನಲ್ಲಿ ನಂಬಬಹುದಾದದ್ದು ಹೆಜ್ಜೆ ಮತ್ತು ಸಮಯ. ತೂಕ, ವಯಸ್ಸು ಸರಿಯಾಗಿ ತುಂಬಿದ್ದೀರೋ ಇಲ್ಲವೋ ಒಮ್ಮೆ ನೋಡಿಕೊಳ್ಳಿ.

ಕಾಗದದ ಲೆಕ್ಕ ತೂಕದಲ್ಲಿ ಕಾಣದಿರುವುದೇಕೆ

ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ದಿನಾ ಒಂದು ಗಂಟೆ ನಡೆದರೆ ತಿಂಗಳಿಗೆ ಹೆಚ್ಚುವರಿ 4,500, ಅಂದರೆ ಕಾಗದದ ಮೇಲೆ ಆರುನೂರು ಗ್ರಾಂ ಇಳಿಯಬೇಕು. ದಿನಾ ತಿನ್ನುತ್ತಿದ್ದ ಒಂದು ಬನ್ಸ್ ಬಿಟ್ಟರೆ 7,800, ಒಂದು ಕಿಲೋ. ಇಳಿಸುವ ಕೆಲಸದಲ್ಲಿ ತಟ್ಟೆಯ ಪಾಲು ದೊಡ್ಡದು ಎಂಬುದಕ್ಕೆ ಇಷ್ಟೇ ಸಾಕು.

ಆದರೆ ಎರಡೂ ಲೆಕ್ಕ ತಿಂಗಳುಗಟ್ಟಲೆ ಹಾಗೆಯೇ ಮುಂದುವರಿಯುವುದಿಲ್ಲ. ತೂಕ ಇಳಿದಂತೆ ಸಾಗಿಸಬೇಕಾದ ಭಾರವೂ ಇಳಿಯುತ್ತದೆ, ಅದೇ ನಡಿಗೆಗೆ ಖರ್ಚು ಕಡಿಮೆಯಾಗುತ್ತದೆ. ನಡೆದು ದಣಿದವರು ಉಳಿದ ಹೊತ್ತು ಗೊತ್ತಿಲ್ಲದೆಯೇ ಹೆಚ್ಚು ಕೂರುತ್ತಾರೆ. ಹಸಿವೂ ಹೆಚ್ಚಬಹುದು, ಒಂದು ಹಿಡಿ ಖಾರಾ ಸೇವು ಅರ್ಧ ನಡಿಗೆಯನ್ನು ತಿಂದುಹಾಕುತ್ತದೆ. ಇವೆಲ್ಲಕ್ಕಿಂತ ಅಚ್ಚರಿಯ ಸಂಗತಿ ತಾಂಜಾನಿಯಾದಿಂದ ಬಂತು. ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ ಹಡ್ಜಾ ಜನರು ದಿನವಿಡೀ ಓಡಾಡುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಅವರ ದಿನದ ಒಟ್ಟು ಖರ್ಚನ್ನು ಅಳೆದು 2012ರಲ್ಲಿ ಪ್ರಕಟಿಸಿದಾಗ, ದೇಹದ ಗಾತ್ರವನ್ನು ಸರಿದೂಗಿಸಿ ನೋಡಿದರೆ ಅದು ಪಾಶ್ಚಾತ್ಯ ದೇಶದ ನಗರವಾಸಿಗಳ ಖರ್ಚಿನಷ್ಟೇ ಇತ್ತು. ಚಟುವಟಿಕೆ ಹೆಚ್ಚಾದಂತೆ ದೇಹ ಬೇರೆ ಕಡೆಯ ಖರ್ಚನ್ನು ಸ್ವಲ್ಪ ತಗ್ಗಿಸಿಕೊಳ್ಳುತ್ತದೆ ಎಂಬುದು ಅವರ ವಿವರಣೆ. ಎಷ್ಟರ ಮಟ್ಟಿಗೆ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ.

ನಿಮಿಷದ ಲೆಕ್ಕವನ್ನು ಎಲ್ಲಿ ಬಳಸಬೇಕು

ತಿನ್ನುವ ಮೊದಲು. ಆಹಾರದ ಪೊಟ್ಟಣದ ಮೇಲೆ ನಡಿಗೆಯ ನಿಮಿಷಗಳನ್ನು ಮುದ್ರಿಸಬೇಕೆಂಬ ಸಲಹೆ ಬ್ರಿಟನ್ನಿನಲ್ಲಿ 2016ರಲ್ಲಿ ಬಂತು. ಇಂಥ ನಮೂದು ಇದ್ದಾಗ ಜನ ಒಂದು ಊಟಕ್ಕೆ ಸರಾಸರಿ 65 ಕ್ಯಾಲರಿಯಷ್ಟು ಕಡಿಮೆ ಆರಿಸಿಕೊಂಡರೆಂದು 2019ರಲ್ಲಿ ಪ್ರಕಟವಾದ ಒಂದು ಸಮೀಕ್ಷಾ ಅಧ್ಯಯನ ಹೇಳುತ್ತದೆ. ಹೋಳಿಗೆಗೆ ಎರಡು ಗಂಟೆ ಎಂದು ಗೊತ್ತಿದ್ದವರು ಹಬ್ಬದ ದಿನ ಒಂದನ್ನು ನೆಮ್ಮದಿಯಿಂದ ತಿಂದು ಮೂರನೆಯದಕ್ಕೆ ಬೇಡವೆನ್ನಬಹುದು. ತಿಂದ ಮೇಲೆ ದಂಡ ಕಟ್ಟುವಂತೆ ನಡೆಯಲು ಈ ಲೆಕ್ಕ ಒಳ್ಳೆಯದಲ್ಲ. ಅದು ಊಟದ ಸಂತೋಷವನ್ನೂ ನಡಿಗೆಯ ಸಂತೋಷವನ್ನೂ ಕೆಡಿಸುತ್ತದೆ.

ನಡಿಗೆ ಬೇಕಾದದ್ದು ಬೇರೆ ಕಾರಣಕ್ಕೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಊಟವಾಗಿ ಅರ್ಧ ಗಂಟೆಯೊಳಗೆ ಹತ್ತು-ಹದಿನೈದು ನಿಮಿಷ ಅಡ್ಡಾಡಿದರೆ ಸಕ್ಕರೆ ಏರುವ ಎತ್ತರ ತಗ್ಗುತ್ತದೆ. ಅದರಲ್ಲಿ ಕರಗುವುದು ಇಪ್ಪತ್ತೈದರಿಂದ ನಲವತ್ತು ಕ್ಯಾಲರಿ ಮಾತ್ರ, ಆದರೂ ಅನ್ನವೇ ಮುಖ್ಯವಾದ ನಮ್ಮ ಊಟಕ್ಕೆ ಅದರ ಬೆಲೆ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಕೇಳುತ್ತದೆ. ಮಾತಾಡಲು ಬರಬೇಕು, ಹಾಡಲು ಬರಬಾರದು: ಮಧ್ಯಮ ಬಿರುಸು ಅಂದರೆ ಅಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಹೊರಗಿನ ನಡಿಗೆ ನಿಂತೇಹೋಗುತ್ತದೆ. ಆಗ ಜಗಲಿಯ ಉದ್ದಕ್ಕೂ ಊಟದ ನಂತರ ಹತ್ತು ನಿಮಿಷ, ಗೋಡೆ ಹಿಡಿದು ಬಸ್ಕಿ, ಒಂದಷ್ಟು ಸೂರ್ಯನಮಸ್ಕಾರ ಸೇರಿಸಿಕೊಂಡರೆ ವಾರದ ಲೆಕ್ಕ ತಪ್ಪುವುದಿಲ್ಲ. ಪಾಚಿಗಟ್ಟಿದ ಅಂಗಳ, ಜಾರುವ ಮೆಟ್ಟಿಲು ಬಿಟ್ಟುಬಿಡಿ.

ಈ ಲೆಕ್ಕ ಯಾರಿಗಲ್ಲ

ಬೆಳೆಯುವ ಮಕ್ಕಳಿಗೆ, ಬಸುರಿಯರಿಗೆ, ಎದೆಹಾಲು ಕೊಡುವವರಿಗೆ ಕ್ಯಾಲರಿ ಕಳೆಯುವ ಲೆಕ್ಕ ಬೇಡ. ತಿಂದದ್ದಕ್ಕೆಲ್ಲ ಪ್ರಾಯಶ್ಚಿತ್ತದಂತೆ ಓಡುವ, ಊಟ ಬಿಡುವ ಅಭ್ಯಾಸ ಹದಿಹರೆಯದವರಲ್ಲಿ ಕಂಡರೆ ಬೈಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಎದೆನೋವು, ಏದುಸಿರು ಇರುವವರು ಘಟ್ಟ, ಮೆಟ್ಟಿಲಿನ ಸಾಹಸಕ್ಕೆ ಮೊದಲು ತಪಾಸಣೆ ಮಾಡಿಸಿಕೊಳ್ಳಬೇಕು.

ನಡಿಗೆಯಲ್ಲಿ ರಕ್ತದ ಸಕ್ಕರೆ ತೀರಾ ಇಳಿಯಬಹುದಾದ್ದರಿಂದ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುವವರು ದೂರದ ನಡಿಗೆಗೆ ಹೊರಡುವಾಗ ಕಿಸೆಯಲ್ಲಿ ಸಕ್ಕರೆಯೋ ಗ್ಲೂಕೋಸ್ ಪುಡಿಯೋ ಇಟ್ಟುಕೊಳ್ಳಲೇಬೇಕು. ಕೈ ನಡುಕ, ತಣ್ಣನೆಯ ಬೆವರು, ತಲೆ ಮಂಕಾಗುವುದು, ಇದ್ದಕ್ಕಿದ್ದಂತೆ ಹಸಿವು ಕಂಡರೆ ಅಲ್ಲೇ ಕೂತು 15 ಗ್ರಾಂ, ಅಂದರೆ ಸುಮಾರು ಮೂರು ಚಿಕ್ಕ ಚಮಚ ತೆಗೆದುಕೊಳ್ಳಬೇಕು. ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ರಕ್ತದ ಸಕ್ಕರೆ (ಡೆಸಿಲೀಟರಿಗೆ) 70 ಮಿ.ಗ್ರಾಂ.ಗಿಂತ ಕೆಳಗೇ ಇದ್ದರೆ ಇನ್ನೊಮ್ಮೆ ಅಷ್ಟೇ ತೆಗೆದುಕೊಳ್ಳಿ. ಸರಿಹೋದ ಮೇಲೆ ಏನಾದರೂ ತಿಂದು, ಯಾರನ್ನಾದರೂ ಜೊತೆ ಮಾಡಿಕೊಂಡು ಮನೆಗೆ ಮರಳಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು, ಸಕ್ಕರೆ ಏನನ್ನೂ ಹಾಕಬಾರದು. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.